ಸೋರಿಕೆಯೋ ಒರತೆಯೋ: ರಕ್ತಕಣಗಳ ಪೊಟ್ಯಾಸಿಯಂ ಕಾಲುವೆಗಳನ್ನು ಕುರಿತ ಒಂದು ಪದವಿಚಾರ

ಜೀವಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಅಯಾನುಗಳು ಹಾದುಹೋಗುವ ಅತಿಸೂಕ್ಷ್ಮ ಮಾರ್ಗಗಳುಂಟು. ಅವುಗಳಲ್ಲಿ ಕೋಶವು ವಿಶ್ರಾಂತಿಯಲ್ಲಿರುವಾಗಲೂ ಹರಿಯುವ ಒಂದು ವರ್ಗಕ್ಕೆ ಪಾಶ್ಚಾತ್ಯರು 'ಸೋರಿಕೆ' ಎಂಬರ್ಥದ ಹೆಸರನ್ನಿಟ್ಟರು. ಕನ್ನಡದಲ್ಲಿಯೂ ಹಾಗೆಯೇ ಕರೆಯುವುದು ಯುಕ್ತವೇ ಎಂಬುದನ್ನು ನಿರ್ಣಯಿಸಲು ಆ ಹೆಸರಿನ ಚರಿತ್ರೆಯನ್ನು ನೋಡಬೇಕು.

1952ರಲ್ಲಿ ಹಾಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ಆಂಗ್ಲ ವಿದ್ವಾಂಸರು ಸ್ಕ್ವಿಡ್ ಎಂಬ ಕಡಲಪ್ರಾಣಿಯ ನರತಂತುವಿನಲ್ಲಿ ವಿದ್ಯುತ್ಪ್ರವಾಹವನ್ನಳೆದು, ಸೋಡಿಯಂ ಪೊಟ್ಯಾಸಿಯಂಗಳ ಪಾಲನ್ನು ಬೇರ್ಪಡಿಸಿ, ಮಿಕ್ಕುದನ್ನೆಲ್ಲ 'ಸೋರಿಕೆ' ಎಂಬ ಒಂದೇ ಮಾತಿನಲ್ಲಿ ಅಡಗಿಸಿದರು. ಅದು ಲೆಕ್ಕದ ಶೇಷಕ್ಕಿಟ್ಟ ಹೆಸರೇ ಹೊರತು ವಸ್ತುಸ್ವರೂಪವನ್ನು ಹೇಳುವ ಹೆಸರಲ್ಲ. 1996ರಲ್ಲಿ ಫ್ರಾನ್ಸಿನ ಲಾಜ್‌ಡುನ್‌ಸ್ಕಿಯವರ ಪರಿವಾರದವರು 'ಟ್ವಿಕ್-1' ಎಂಬ ಮಾನವಪ್ರೋಟೀನನ್ನು ಗುರುತಿಸಿದ ತರುವಾಯ, ಎರಡೆರಡು ರಂಧ್ರಭಾಗಗಳುಳ್ಳ ಒಂದು ಕುಟುಂಬವೇ ಬೆಳಕಿಗೆ ಬಂದಿತು. ಸೋರಿಕೆಗೆ ಪ್ರತ್ಯೇಕವಾದ ದ್ವಾರವೇ ಇದ್ದಿತು!

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ಕುಟುಂಬದ ಶೋಧನೆ ನಡೆದಿದೆ. ಸುಜಿತ್ ಕುಮಾರ್ ಸಿಕ್ದರ್ ಅವರ ಪ್ರಯೋಗಶಾಲೆಯಿಂದ 2004ರಲ್ಲಿ, ನಿದ್ರಾಕಾರಕವಾದ ಕ್ಲೋರಲ್ ಹೈಡ್ರೇಟಿನಿಂದ ದೇಹದಲ್ಲುಂಟಾಗುವ ಟ್ರೈಕ್ಲೋರೋಎಥನಾಲ್ ಎಂಬುದು 'ಟ್ರೆಕ್-1', 'ಟ್ರಾಕ್' ಎಂಬ ಕಾಲುವೆಗಳ ಹರಿವನ್ನು ಹೆಚ್ಚಿಸುವುದೆಂಬ ಲೇಖನ ಹೊರಬಂದಿತು. ಇದು ನರಮಂಡಲಕ್ಕೆ ಸಂಬಂಧಿಸಿದ ವಿಷಯ.

ರೋಗನಿರೋಧಕ ಕಣಗಳ ಕಥೆ ಬೇರೆ. ಟಿ-ಕಣವೆಂಬ ಬಿಳಿಯ ರಕ್ತಕಣದಲ್ಲಿ, ವಿದ್ಯುದ್ಬಲದಿಂದ ತೆರೆದು ಮುಚ್ಚುವ ಪೊಟ್ಯಾಸಿಯಂ ಕಾಲುವೆಯು 1984ರಲ್ಲಿಯೇ ಕಂಡಿದ್ದಿತು. ನಿತ್ಯಪ್ರವಾಹಿಗಳಾದ 'ಟಾಸ್ಕ್-1', 'ಟಾಸ್ಕ್-3' ಎಂಬುವುಗಳ ಕಾರ್ಯವು 2008ರಲ್ಲಿ ಜರ್ಮನಿಯ ಸಂಶೋಧಕರಿಂದ ತಿಳಿದುಬಂದಿತು. ಇವುಗಳ ಪ್ರಯೋಜನವೇನೆಂದರೆ: ಶತ್ರುವನ್ನು ಗುರುತಿಸಿದ ಕಣದೊಳಕ್ಕೆ ಕ್ಯಾಲ್ಸಿಯಂ ಪ್ರವೇಶಿಸಬೇಕು. ಅದು ಧನವಿದ್ಯುತ್ತುಳ್ಳುದಾದ್ದರಿಂದ ಬಂದಷ್ಟೂ ಮುಂದಿನ ಪ್ರವೇಶಕ್ಕೆ ತಾನೇ ಅಡ್ಡಿಯಾಗುತ್ತದೆ. ಕಣದೊಳಗೆ ಪೊಟ್ಯಾಸಿಯಂ ಹೊರಗಿನದಕ್ಕಿಂತ ಸುಮಾರು 30 ಪಾಲು ಅಧಿಕವಾಗಿರುವುದು; ಅದು ಹೊರಕ್ಕೆ ಹರಿದು ಒಳಗಣ ಋಣವಿದ್ಯುತ್ತನ್ನು ಕಾಪಾಡುತ್ತದೆ. ಈ ಹರಿವನ್ನು ತಡೆದರೆ ಕಣದ ವೃದ್ಧಿಯೂ ಕುಗ್ಗುವುದು. 2009ರಲ್ಲಿ, 'ಟಾಸ್ಕ್-1' ಇಲ್ಲದ ಇಲಿಗಳಲ್ಲಿ, ಶರೀರವು ತನ್ನ ನರಗಳನ್ನೇ ಬಾಧಿಸಿಕೊಳ್ಳುವ ವ್ಯಾಧಿಯು ಸೌಮ್ಯವಾದುದು ಕಂಡುಬಂದಿತು. ಇಷ್ಟು ಕಾರ್ಯವುಳ್ಳುದನ್ನು ಸೋರಿಕೆಯೆನ್ನುವುದು ಅನ್ಯಾಯವಲ್ಲವೇ? ಸೋರಿಕೆಯೆಂಬುದು ದೋಷವಾಚಕ, ಮುಚ್ಚತಕ್ಕದ್ದು ಎಂಬ ಭಾವ ಅದರಲ್ಲಡಗಿದೆ.

ಮಧುಗಿರಿ ತಾಲ್ಲೂಕಿನ ದೊಡ್ಡೇರಿಯ ಹೆಸರನ್ನು 'ದೊಡ್ಡ' 'ಏರಿ' ಎಂದು ಬಿಡಿಸಿದರೆ ಲೋಪಸಂಧಿ. ಕೆರೆಯ ಏರಿಯಲ್ಲಿ ತೂಬುಂಟು. ಅದನ್ನು ನೀರುಗಂಟಿಯು ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವನು. 1984ರಲ್ಲಿ ಕಂಡ ಕಾಲುವೆ ಈ ಜಾತಿಯದು. ಆದರೆ ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡದ ಸೀಮೆಯಲ್ಲಿ ತಲಪರಿಗೆ ಎಂಬುದೂ ಉಂಟು: ನೆಲದಿಂದ ತಾನಾಗಿ ಒಸರುವ ನೀರನ್ನು ಕಾಲುವೆಯಿಂದ ಗದ್ದೆಗೆ ಒಯ್ಯುವ ಏರ್ಪಾಡು. ಅನೇಕವು ಈಗ ಬತ್ತಿವೆ. ಅದನ್ನು ಯಾವ ಒಕ್ಕಲಿಗನೂ ಸೋರಿಕೆಯೆನ್ನನು.

ಆದುದರಿಂದ 'ಒರತೆ' ಎಂಬ ಮಾತು ನಮಗೆ ಸಮ್ಮತ. 'ಒರತೆನಾಳ' ಎಂದರೆ ಕನ್ನಡಕ್ಕೆ ಸಂಸ್ಕೃತವನ್ನು ಕೂಡಿಸಿದ ಅರಿಸಮಾಸ; 'ಒರತೆಗಾಲುವೆ' ಎಂದರೆ ಆ ಆಕ್ಷೇಪವಿಲ್ಲ, ಕಕಾರಕ್ಕೆ ಗಕಾರಾದೇಶವೂ ಸಲ್ಲುತ್ತದೆ. ಈ ಕಾಲುವೆಗಳು ಆಮ್ಲ, ಒತ್ತಡ ಮೊದಲಾದುವುಗಳಿಂದ ಏರಿಳಿಯುತ್ತವೆ, ಸದಾ ಏಕರೂಪವಲ್ಲ ಎಂಬ ಶಂಕೆ ಬರಬಹುದು. ಒರತೆಯೂ ಮಳೆಗಾಲದಲ್ಲಿ ಹೆಚ್ಚಿ ಬೇಸಗೆಯಲ್ಲಿ ಕ್ಷೀಣಿಸುವುದಷ್ಟೆ.