ಈ ಕಲ್ಲುಗಳ ಅರ್ಥವೇನು?

ಇಸ್ರಾಯೇಲರು ಯೊರ್ದಾನ್ ನದಿಯನ್ನು ದಾಟಿದಾಗ ಯೆಹೋಶುವನು ನದಿಯ ನಡುವಿನಿಂದ ಹನ್ನೆರಡು ಕಲ್ಲುಗಳನ್ನು ಎತ್ತಿಸಿ ಗಿಲ್ಗಾಲಿನಲ್ಲಿ ನಿಲ್ಲಿಸಿದ ಪ್ರಸಂಗವನ್ನು ನೀವು ಬಲ್ಲಿರಿ. ಮುಂದೊಂದು ದಿನ ಮಕ್ಕಳು ಆ ಕಲ್ಲುಗಳ ಅರ್ಥವನ್ನು ಕೇಳುವರು, ಆಗ ಹಿರಿಯರು ಉತ್ತರ ಹೇಳಬೇಕು ಎಂಬುದೇ ಅದರ ಉದ್ದೇಶವಾಗಿತ್ತು. ಕಲ್ಲು ತಾನಾಗಿ ಮಾತನಾಡದು. ಕೇಳುವ ಮಗುವೂ ಸತ್ಯ ಹೇಳುವ ಹಿರಿಯರೂ ಇದ್ದಲ್ಲಿ ಮಾತ್ರ ಅದು ಬಾಯಿ ತೆರೆಯುತ್ತದೆ.

ಬೇಸಿಗೆ ರಜೆ ಬಂದೊಡನೆ ನಾವು ಹಳೆ ಗೋವೆಗೋ ವೇಳಾಂಕಣ್ಣಿಗೋ ಯಾತ್ರೆ ಹೊರಡುತ್ತೇವೆ. ದಾರಿಯಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಎಂಬ ಹೆಸರುಗಳು ಬಸ್ಸಿನ ಕಿಟಕಿಯಾಚೆ ಸರಿದುಹೋಗುತ್ತವೆ. ಹೆದ್ದಾರಿಯಲ್ಲಿ ಸುಮಾರು ಅರವತ್ತು ಕಿಲೋಮೀಟರಿನ ಈ ದಾರಿಯೇ ಗೋಡೆಗಳಿಲ್ಲದ ಒಂದು ವಸ್ತು ಸಂಗ್ರಹಾಲಯವೆಂದರೆ ಅತಿಶಯವಲ್ಲ. ಶಿರಾಲಿಯ ಚಿತ್ರಾಪುರ ಮಠದಲ್ಲಿ ಪ್ರಾಚೀನ ವಸ್ತುಗಳ ಸಂಗ್ರಹಾಲಯವೊಂದು ಇದೆ. ಉಳಿದದ್ದೆಲ್ಲ ಬಿಸಿಲು ಮಳೆಗಳಲ್ಲೇ ನಿಂತಿದೆ. ಒಮ್ಮೆ ಇಲ್ಲಿ ಇಳಿದು, ಮಕ್ಕಳ ಕೈಹಿಡಿದು ನಡೆಯೋಣ ಬನ್ನಿರಿ.

ಮೊದಲು ಭಟ್ಕಳ. 1993ರ ಕೋಮುಗಲಭೆಯ ನಂತರ ಈ ಊರಿನ ಹೆಸರು ಕೇಳಿದೊಡನೆ ನಮ್ಮ ಮನಸ್ಸು ಮುದುಡುವುದುಂಟು. ಆದರೆ ಊರಿನ ಕಲ್ಲುಗಳು ಬೇರೊಂದು ಕಥೆಯನ್ನೂ ಹೇಳುತ್ತವೆ. ವಿಜಯನಗರದ ಕಾಲದಲ್ಲಿ ಅರಬ್ಬರ ಕುದುರೆಗಳು ಇಳಿಯುತ್ತಿದ್ದ, ಘಟ್ಟದ ಮೆಣಸು ಹಡಗೇರುತ್ತಿದ್ದ ಬಂದರಿದು. ಹದಿನಾರನೆಯ ಶತಮಾನದ ಕೇತಪೈ ನಾರಾಯಣ ದೇವಾಲಯದ ಹೊರಗೋಡೆಯಲ್ಲಿ ರಾಮಾಯಣದ ಕಥೆ ಸಾಲುಸಾಲಾಗಿ ಕೆತ್ತಲ್ಪಟ್ಟಿದೆ. ಕರಾವಳಿಯ ಜಡಿಮಳೆಯನ್ನು ತಡೆಯಲೆಂದು ಶಿಲ್ಪಿಗಳು ಇಳಿಜಾರಾಗಿ ಕಲ್ಲಿನ ಚಪ್ಪಡಿಗಳನ್ನೇ ಹೊದಿಸಿ, ಮರದ ಜಾಲರಿಯನ್ನು ಹೋಲುವ ಕಲ್ಲಿನ ಜಾಲರಿಗಳನ್ನು ನಿಲ್ಲಿಸಿದ್ದಾರೆ. ಅದೇ ಊರಿನಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯಿದೆ. ನವಾಯತ ಮುಸಲ್ಮಾನರ ಹಳೆಯ ಮಸೀದಿಗಳಿವೆ. 1637ರಲ್ಲಿ ವ್ಯಾಪಾರಕ್ಕೆಂದು ಬಂದಿಳಿದ ಇಂಗ್ಲಿಷರಲ್ಲಿ ಕೆಲವರು ಇದೇ ಮಣ್ಣಿನಲ್ಲಿ ಸಮಾಧಿಯಾದರು. ಪೈಗಳ ಮನೆಮಾತು ಕೊಂಕಣಿ. ನವಾಯತರ ನುಡಿಯೂ ಕೊಂಕಣಿಯ ಬಳಗಕ್ಕೆ ಸೇರಿದ್ದು. ನಮ್ಮಲ್ಲಿ ಬಹುಮಂದಿ ಜಪಸರ ಹೇಳುವುದೂ ಅದೇ ಭಾಷೆಯಲ್ಲಿ.

ಇಲ್ಲಿಯೇ ನಾವು ಕ್ರೈಸ್ತರು ಕ್ಷಣಕಾಲ ತಲೆತಗ್ಗಿಸಿ ನಿಲ್ಲಬೇಕಾಗಿದೆ. 1542ರಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ತಿಂ ಅಫೋನ್ಸೊ ದ ಸೋಜ ತನ್ನ ಸೈನ್ಯದೊಂದಿಗೆ ಭಟ್ಕಳದ ಮೇಲೆ ಬಿದ್ದು ಪಟ್ಟಣವನ್ನು ಕೊಳ್ಳೆಹೊಡೆದನು. ಈ ಗವರ್ನರನು ಲಿಸ್ಬನ್ನಿನಿಂದ ಹೊರಟು ಅದೇ ವರ್ಷದ ಮೇ ತಿಂಗಳಲ್ಲಿ ಗೋವೆಗೆ ಬಂದಾಗ ಅವನ ಜೊತೆಯಲ್ಲಿ ಹಡಗಿನಲ್ಲಿದ್ದವರು ಯಾರು ಬಲ್ಲಿರಾ? ನಾವು ಪ್ರತಿವರ್ಷ ಡಿಸೆಂಬರ್ 3ರಂದು ಹಬ್ಬವನ್ನಾಚರಿಸುವ ಸಂತ ಫ್ರಾನ್ಸಿಸ್ ಝೇವಿಯರರು! ಸಂತರೂ ಸೈನ್ಯಾಧಿಕಾರಿಯೂ ಒಂದೇ ಹಡಗಿನಲ್ಲಿ ಬಂದರು. ಒಬ್ಬರು ಗೋವೆಯ ಆಸ್ಪತ್ರೆಯಲ್ಲಿ ರೋಗಿಗಳ ಸೇವೆಗೆ ನಿಂತರು. ಇನ್ನೊಬ್ಬನು ಬಂದರುಗಳನ್ನು ಸುಟ್ಟನು. ಝೇವಿಯರರು ತಮ್ಮ ಪತ್ರಗಳಲ್ಲಿ ಪೋರ್ಚುಗೀಸ್ ಅಧಿಕಾರಿಗಳ ದುರಾಶೆಯನ್ನೂ ದೌರ್ಜನ್ಯವನ್ನೂ ಕಟುವಾಗಿ ಖಂಡಿಸಿದ್ದಾರೆ. ಆದರೂ ತೀರದಲ್ಲಿ ನಿಂತು ನೋಡಿದ ಭಟ್ಕಳದ ಜನರಿಗೆ ಹಾಯಿಯ ಮೇಲಿನ ಶಿಲುಬೆಯೊಂದೇ ಕಂಡಿರಬೇಕಲ್ಲವೇ?

ಭಟ್ಕಳದಿಂದ ಉತ್ತರಕ್ಕೆ ಸಾಗಿದರೆ ಶರಾವತಿಯು ಕಡಲನ್ನು ಸೇರುವ ಹೊನ್ನಾವರ. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕೊ ದೇಶದ ಇಬ್ನ್ ಬತೂತನು ಈ ಪಟ್ಟಣದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡುದಾಗಿ ಬರೆದಿಟ್ಟಿದ್ದಾನೆ. ಸುಮಾರು ಏಳುನೂರು ವರ್ಷಗಳ ಹಿಂದೆ ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆಗಳು! ನಮ್ಮ ಕನ್ಯಾಸ್ತ್ರೀಯರ ಶಾಲೆಗಳಿಂದಲೇ ಈ ನಾಡಿಗೆ ಹೆಣ್ಣುಮಕ್ಕಳ ವಿದ್ಯೆ ಬಂದಿತೆಂದು ಹೆಮ್ಮೆಪಡುವ ನಾವು ಈ ಮಾತನ್ನೂ ನೆನಪಿನಲ್ಲಿಡಬೇಕು.

ನದಿಯ ಮೇಲ್ದಾರಿ ಹಿಡಿದರೆ ಗೇರುಸೊಪ್ಪೆ. ಕಾಡಿನ ನಡುವೆ ನಾಲ್ಕು ದಿಕ್ಕುಗಳಿಗೆ ನಾಲ್ಕು ಬಾಗಿಲು ತೆರೆದು ನಿಂತಿರುವ ಚತುರ್ಮುಖ ಬಸದಿಯು, ಇದು ಒಂದು ಕಾಲದ ರಾಜಧಾನಿಯೆಂಬುದಕ್ಕೆ ಸಾಕ್ಷಿ. 1552ರಿಂದ ಅರ್ಧ ಶತಮಾನಕ್ಕೂ ಮಿಕ್ಕಿ ಇಲ್ಲಿ ಆಳಿದವಳು ರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿಯೆಂದು ಕರೆದರು. ಅವಳೊಡನೆ ವ್ಯಾಪಾರವನ್ನೂ ಮಾಡಿದರು, ಯುದ್ಧವನ್ನೂ ಮಾಡಿದರು. ಕೊನೆಗೆ ಅವಳ ರಾಜ್ಯವು ಕೆಳದಿಯ ಅರಸರ ವಶವಾಯಿತು. 1623ರಲ್ಲಿ ಹೊನ್ನಾವರದಿಂದ ದೋಣಿಯೇರಿ ಬಂದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲ ವಾಲ್ಲೆ ನದಿಯ ಚೆಲುವನ್ನು ಕೊಂಡಾಡಿದ್ದಾನೆ. ರಾಜಧಾನಿ ಆಗಲೇ ಹಾಳುಬಿದ್ದು ಮರಗಿಡಗಳ ಪಾಲಾಗಿತ್ತು.

ಕುಮಟಾ ತಾಲೂಕಿನ ಮಿರ್ಜಾನಿನಲ್ಲಿ ಅಘನಾಶಿನಿಯ ಬಳಿ ಕೆಂಪುಕಲ್ಲಿನ ಕೋಟೆ ನಿಂತಿದೆ. ಇದನ್ನು ಕಟ್ಟಿಸಿದವಳು ಚೆನ್ನಭೈರಾದೇವಿಯೆಂಬುದು ಜನರ ನಂಬಿಕೆ. ಬಿಜಾಪುರದ ಅಧಿಕಾರಿ ಷರೀಫ್-ಉಲ್-ಮುಲ್ಕನೆಂಬ ಅಭಿಪ್ರಾಯವೂ ಉಂಟು. ಪುರಾತತ್ವ ಇಲಾಖೆಯ ಉತ್ಖನನದಲ್ಲಿ ಇಲ್ಲಿ ಫಿರಂಗಿ ಗುಂಡುಗಳೂ ಚೀನಾ ಪಿಂಗಾಣಿಯ ಚೂರುಗಳೂ ದೊರೆತವು. ಊಟದ ತಟ್ಟೆಯೂ ಯುದ್ಧದ ಗುಂಡೂ ಒಂದೇ ಮಣ್ಣಿನಡಿ ಮಲಗಿದ್ದವು.

ಈಗ ನಮ್ಮ ಕಥೆಯ ಇನ್ನೊಂದು ಪುಟವನ್ನು ತೆರೆಯೋಣ. ಹದಿನೇಳನೆಯ ಶತಮಾನದ ನಡುವೆ ಕೆಳದಿಯ ಶಿವಪ್ಪ ನಾಯಕನು ಪೋರ್ಚುಗೀಸರನ್ನು ಹೊನ್ನಾವರದ ಕೋಟೆಯಿಂದ ಹೊರಗಟ್ಟಿದನು. ಕೋಟೆಯೊಂದಿಗೆ ಶಿಲುಬೆಯೂ ಈ ತೀರವನ್ನು ಬಿಟ್ಟುಹೋಗಬಹುದಿತ್ತು, ಹಾಗಾಗಲಿಲ್ಲ. ಕೆಲವೇ ದಶಕಗಳ ನಂತರ ಅದೇ ಮನೆತನದ ರಾಣಿ ಚೆನ್ನಮ್ಮಾಜಿಯು ಮಿರ್ಜಾನ್, ಚಂದಾವರ, ಹೊನ್ನಾವರ, ಕಲ್ಯಾಣಪುರಗಳಲ್ಲಿ ದೇವಾಲಯಗಳನ್ನು ಕಟ್ಟಿಕೊಳ್ಳಲು ಕ್ರೈಸ್ತರಿಗೆ ಅಪ್ಪಣೆಯಿತ್ತಳು. ಮೊಗಲರಿಗೆ ಅಂಜದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ವೀರರಾಣಿ ಈಕೆಯೇ. ಫಿರಂಗಿಗಳನ್ನು ಒಲ್ಲೆನೆಂದ ನಾಡು ಪೂಜಾಪೀಠವನ್ನು ಒಲ್ಲೆನೆನ್ನಲಿಲ್ಲ. ಈ ಮಣ್ಣಿನಲ್ಲಿ ನಮ್ಮ ಧರ್ಮಸಭೆ ಬೇರೂರಿದ್ದು ಕತ್ತಿಯ ಬಲದಿಂದಲ್ಲ, ಶಿವಭಕ್ತೆಯಾದ ರಾಣಿಯೊಬ್ಬಳ ಔದಾರ್ಯದಿಂದ ಎಂಬುದನ್ನು ನಾವು ನಮ್ಮ ಮಕ್ಕಳಿಗೆ ಹೇಳಿದ್ದೇವೆಯೇ?

ಅದೇ ಕಾಲದಲ್ಲಿ, 1681ರಲ್ಲಿ, ಗೋವೆಯ ಬಾಣಾವಳಿಯ ಸಂತ ಜೋಸೆಫ್ ವಾಜರು ಕೆನರಾ ಸೀಮೆಗೆ ಬಂದರು. ಅವರ ಹಿಂದೆ ಸೈನ್ಯವಿರಲಿಲ್ಲ, ಹಡಗುಪಡೆಯಿರಲಿಲ್ಲ; ಇಲ್ಲಿಯ ಜನರ ಕೊಂಕಣಿಯೇ ಅವರ ತಾಯ್ನುಡಿ. ಚದುರಿಹೋಗಿದ್ದ ವಿಶ್ವಾಸಿಗಳನ್ನು ಹುಡುಕಿ ಒಗ್ಗೂಡಿಸಿ, ಮುಂದೆ ಶ್ರೀಲಂಕೆಗೆ ನಡೆದ ಅವರನ್ನು 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಕೊಲಂಬೊದಲ್ಲಿ ಸಂತರೆಂದು ಘೋಷಿಸಿದರು.

ನೋವಿನ ಪುಟವೂ ಇದೆ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದಾಗ ನಮ್ಮ ದೇವಾಲಯಗಳು ನೆಲಸಮವಾದವು. ಸಾವಿರಾರು ಮಂದಿ ಹಿಂದಿರುಗಲೇ ಇಲ್ಲ. 1799ರ ನಂತರ ಮರಳಿದವರು ಮತ್ತೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದರು. ಈ ಸಂಕಟವನ್ನು ನಾವು ಮರೆಯಬಾರದು. ಆದರೆ 1784ನ್ನು ನೆನೆದು 1542ನ್ನು ಮರೆತರೆ ಅದು ಸ್ಮರಣೆಯಲ್ಲ, ಪಕ್ಷಪಾತ. ನೆರೆಯವನ ತಪ್ಪನ್ನು ಎಣಿಸುವ ಮುನ್ನ ನಮ್ಮ ಪಾಪವನ್ನು ಒಪ್ಪಿಕೊಳ್ಳುವುದೇ ಪ್ರತಿ ಬಲಿಪೂಜೆಯ ಆರಂಭದಲ್ಲಿ ನಾವು ಮಾಡುವ ಕಾರ್ಯವಲ್ಲವೇ? 2000ದ ಮಹಾಜೂಬಿಲಿ ವರ್ಷದಲ್ಲಿ, ಮಾರ್ಚ್ 12ರಂದು, ಸಂತ ಎರಡನೇ ಜಾನ್ ಪೌಲರು ರೋಮಿನಲ್ಲಿ ಧರ್ಮಸಭೆಯ ಮಕ್ಕಳು ಗತಕಾಲದಲ್ಲಿ ಎಸಗಿದ ತಪ್ಪುಗಳಿಗಾಗಿ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು. ಅದರಿಂದ ಧರ್ಮಸಭೆ ಕುಗ್ಗಲಿಲ್ಲ, ಹಗುರವಾಯಿತು.

ಆದುದರಿಂದ, ಪ್ರಿಯ ಓದುಗರೇ, ಈ ಸ್ಥಳಗಳಿಗೆ ಹೋಗುವಾಗ ಸುಮ್ಮನೆ ಚಿತ್ರ ತೆಗೆದು ಹಿಂದಿರುಗಬೇಡಿರಿ. ಬಸದಿಯಲ್ಲೂ ದೇಗುಲದಲ್ಲೂ ಪಾದರಕ್ಷೆ ಕಳಚಿ, ಅಲ್ಲಿಯವರ ಅನುಮತಿ ಕೇಳಿ ಒಳಹೋಗಿರಿ. ಕೋಟೆಯ ಗೋಡೆಯಲ್ಲಿ ಹೆಸರು ಕೆತ್ತದಂತೆ ಮಕ್ಕಳಿಗೆ ತಿಳಿಹೇಳಿರಿ. ಇಲಾಖೆಯ ಫಲಕವನ್ನು ಅವರಿಂದಲೇ ಓದಿಸಿರಿ. ಕೊನೆಗೆ ಚಂದಾವರದ ಸಂತ ಫ್ರಾನ್ಸಿಸ್ ಝೇವಿಯರರ ದೇವಾಲಯಕ್ಕೆ ಬನ್ನಿರಿ. ಡಿಸೆಂಬರಿನ ಹಬ್ಬದ ದಿನ ಅಲ್ಲಿ ಕ್ರೈಸ್ತರಲ್ಲದ ನೆರೆಹೊರೆಯವರೂ ಮೇಣದ ಬತ್ತಿ ಹಿಡಿದು ಸರದಿಯಲ್ಲಿ ನಿಂತಿರುತ್ತಾರೆ. ಗವರ್ನರನ ಹಡಗಿನಲ್ಲಿ ಬಂದ ಸಂತರನ್ನು ಈ ನಾಡಿನ ಜನ ಗವರ್ನರನಿಂದ ಬೇರ್ಪಡಿಸಿ ತಮ್ಮವರನ್ನಾಗಿ ಮಾಡಿಕೊಂಡಿದ್ದಾರೆ. ಅದಕ್ಕಿಂತ ದೊಡ್ಡ ಕ್ಷಮೆ ಬೇರೇನಿದೆ?

ಮನೆಗೆ ಮರಳಿದ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ. ನಿಮ್ಮ ಧರ್ಮಕೇಂದ್ರದ ಹಳೆಯ ಜ್ಞಾನಸ್ನಾನದ ದಾಖಲೆ ಪುಸ್ತಕ, ಅಜ್ಜಿಯ ಪೆಟ್ಟಿಗೆಯಲ್ಲಿರುವ ಹಸ್ತಪ್ರತಿಯ ಪ್ರಾರ್ಥನೆಗಳು, ಸ್ಮಶಾನದ ಮಾಸಿದ ಶಿಲುಬೆಗಳು ಗೆದ್ದಲಿಗೂ ಮಳೆಗೂ ಆಹುತಿಯಾಗದಿರಲಿ. ಒಂದು ಭಾನುವಾರ ಸಂಜೆ ಮನೆಯ ಹಿರಿಯರ ನೆನಪುಗಳನ್ನು ಮಕ್ಕಳು ಬರೆದಿಟ್ಟುಕೊಳ್ಳಲಿ.

ನಾಳೆ ನಿಮ್ಮ ಮಗು ಮಿರ್ಜಾನಿನ ಗೋಡೆಯ ಮುಂದೆ ನಿಂತು ಈ ಕಲ್ಲುಗಳ ಅರ್ಥವನ್ನು ಕೇಳಿದಾಗ, ಅರ್ಧ ಸತ್ಯವನ್ನು ಹೇಳಿ ಕಳುಹಿಸಬೇಡಿರಿ. ಕೊಳ್ಳೆಹೊಡೆದವರ ಕಥೆಯನ್ನೂ ಹೇಳಿರಿ, ಜಾಗ ಕೊಟ್ಟ ರಾಣಿಯ ಕಥೆಯನ್ನೂ ಹೇಳಿರಿ. ಎರಡನ್ನೂ ಕೇಳಿದ ಮಗುವೇ ನಾಳೆ ಈ ಊರುಗಳಲ್ಲಿ ಶಾಂತಿಯಿಂದ ಬಾಳಲು ಕಲಿಯುತ್ತದೆ.