ಜ್ವರದ ತೊಗಟೆ, ನಾಯಿಯ ಎದೆಬಡಿತ

ಮನೆ, ಹೊಲ ಕಾಯುವ ನಾಯಿಗೂ ಎದೆಬಡಿತದ ತಾಳ ತಪ್ಪುವ ಕಾಯಿಲೆ ಬರುತ್ತದೆ, ಅದಕ್ಕೂ ಮಾತ್ರೆ ಉಂಟು ಎಂದರೆ ಕೊಳ್ಳೇಗಾಲ ತಾಲ್ಲೂಕಿನ ಕುಂತೂರಿನಂಥ ಊರುಗಳಲ್ಲಿ ಅಚ್ಚರಿಪಡುವವರಿದ್ದಾರು. ಆದರೆ ಆ ಔಷಧದ ಇತಿಹಾಸ ಈ ಸೀಮೆಗೆ ಹಳೆಯ ಪರಿಚಯವಾದ ಮಲೇರಿಯಾ ಜ್ವರದೊಂದಿಗೆ ಹೆಣೆದುಕೊಂಡಿದೆ.

1956ರವರೆಗೆ ಕೊಳ್ಳೇಗಾಲ ಮದರಾಸಿನ ಆಡಳಿತಕ್ಕೆ ಸೇರಿತ್ತು. ಅದೇ ಆಡಳಿತದ ನೀಲಗಿರಿಯಲ್ಲಿ, ಕ್ಲೆಮೆಂಟ್ಸ್ ಮಾರ್ಕಮ್ ದಕ್ಷಿಣ ಅಮೆರಿಕದಿಂದ ತಂದ ಸಿಂಕೋನಾ ಗಿಡಗಳು 1860ರ ದಶಕದಲ್ಲಿ ಬೇರೂರಿದವು. ಮಲೇರಿಯಾದ ಮದ್ದಾದ ಕ್ವಿನೈನ್ ಸಿಗುವುದು ಈ ಮರದ ಕಹಿ ತೊಗಟೆಯಿಂದ. ಅದೇ ತೊಗಟೆಯಲ್ಲಿ ಕ್ವಿನಿಡಿನ್ ಎಂಬ ಅದರ ಸೋದರ ವಸ್ತುವೂ ಇದೆ.

1912ರಲ್ಲಿ ಹಾಲೆಂಡಿನ ವರ್ತಕನೊಬ್ಬ ವೈದ್ಯ ಕಾರೆಲ್ ವೆಂಕೆಬಾಕ್ ಬಳಿ ಬಂದು, ಕ್ವಿನೈನ್ ನುಂಗಿದರೆ ತನ್ನ ತಾಳ ತಪ್ಪಿದ ನಾಡಿ ಸರಿಹೋಗುತ್ತದೆ ಎಂದ. ವೈದ್ಯರು ನಂಬಲಿಲ್ಲ. ಮರುದಿನ ಆತ ಸರಿಯಾದ ನಾಡಿಯೊಂದಿಗೇ ಹಾಜರಾದ! ವೆಂಕೆಬಾಕ್ 1914ರಲ್ಲಿ ಇದನ್ನು ಬರೆದಿಟ್ಟರು. 1918ರಲ್ಲಿ ವಾಲ್ಟರ್ ಫ್ರೇ, ಈ ಕೆಲಸಕ್ಕೆ ಕ್ವಿನಿಡಿನ್ ಇನ್ನೂ ಉತ್ತಮವೆಂದು ತೋರಿಸಿದರು. ಮುಂದೆ ಅದು ಕುದುರೆ, ನಾಯಿಗಳ ಚಿಕಿತ್ಸೆಗೂ ಬಂತು.

ನಾಯಿಯ ಬಡಿತ ಏರುಪೇರಾದರೆ ಅದೆಲ್ಲ ರೋಗವಲ್ಲ. ಉಸಿರು ಎಳೆದಾಗ ಬಿರುಸಾಗಿ, ಬಿಟ್ಟಾಗ ನಿಧಾನವಾಗುವುದು ಅದರ ಹೃದಯದ ಸಹಜ ಗುಣ. ಆದರೆ ದೊಡ್ಡ ಜಾತಿಯ ನಾಯಿಗಳಲ್ಲಿ ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಅದುರುವುದುಂಟು. ಡಾಬರ್‌ಮನ್, ಬಾಕ್ಸರ್ ತಳಿಗಳಲ್ಲಿ ಕೆಳಕೋಣೆಗಳಿಂದ ಅಕಾಲ ಬಡಿತಗಳು ಹೊಮ್ಮಿ ಮೂರ್ಛೆ, ಒಮ್ಮೊಮ್ಮೆ ಹಠಾತ್ ಸಾವು ಸಂಭವಿಸುತ್ತದೆ.

ನಾಯಿಗಳಿಗೆ ಕ್ವಿನಿಡಿನ್ ಕೊಡುವುದು ಇಂದು ವಿರಳ. ಮೊದಲ ಬಗೆಯ ತೊಂದರೆಗೆ ಡಿಗಾಕ್ಸಿನ್, ಡಿಲ್ಟಿಯಾಜೆಮ್. ಎರಡನೆಯದಕ್ಕೆ ಸೋಟಲಾಲ್, ಮೆಕ್ಸಿಲೆಟಿನ್ ಬಳಕೆಯಲ್ಲಿವೆ. ಡಿಗಾಕ್ಸಿನ್ ಕೂಡ ಗಿಡದ ಕೊಡುಗೆಯೇ. 1785ರಲ್ಲಿ ವಿಲಿಯಂ ವಿದರಿಂಗ್ ವಿವರಿಸಿದ ಡಿಜಿಟಾಲಿಸ್ ಕುಲದ ಗಿಡವೊಂದರಿಂದ ಅದು ದೊರೆಯುತ್ತದೆ.

ಇವೆಲ್ಲ ಮನುಷ್ಯರಿಗೂ ಕೊಟ್ಟ ಔಷಧಗಳೇ. ಹಾಗೆಂದು ಅಜ್ಜನ ಮಾತ್ರೆಯನ್ನು ಮುರಿದು ನಾಯಿಗೆ ತಿನ್ನಿಸುವಂತಿಲ್ಲ. ಡಿಗಾಕ್ಸಿನ್ನಿನಲ್ಲಿ ಮದ್ದಿಗೂ ವಿಷಕ್ಕೂ ಕೂದಲೆಳೆಯ ಅಂತರ. ತಾಳ ಸರಿಪಡಿಸುವ ಔಷಧವೇ ಕೆಲವೊಮ್ಮೆ ತಾಳ ಕೆಡಿಸುವುದೂ ಉಂಟು. ಯಾವ ಕೋಣೆಯ ದೋಷವೆಂದು ಇಸಿಜಿ ತೆಗೆದು ನೋಡಿದ ಪಶುವೈದ್ಯರೇ ಮಾತ್ರೆಯನ್ನೂ ಅದರ ತೂಕವನ್ನೂ ಗೊತ್ತುಮಾಡಬೇಕು. ಹಾಲೆಂಡಿನ ವರ್ತಕ ತನ್ನ ನಾಡಿಯ ಕಥೆಯನ್ನು ತಾನೇ ಹೇಳಿಕೊಂಡ, ಮೂಕಪ್ರಾಣಿ ಹೇಳಿಕೊಳ್ಳಲಾರದು.