ನಾಮಿಯೆ: ಮೂರು ವಿಪತ್ತುಗಳ ನಡುವೆ ಸಿಕ್ಕ ಒಂದು ಊರು

2011ರ ಮಾರ್ಚ್ 11ರ ಬೆಳಗ್ಗೆ ನಮ್ಮ ಸಾಂತಾ ಕ್ರೂಜ್ ಬಂದರಿನಲ್ಲಿ ಕಟ್ಟಿಹಾಕಿದ್ದ ದೋಣಿಗಳು ಒಂದಕ್ಕೊಂದು ಬಡಿದು ಮುರಿದವು, ಕೆಲವು ಮುಳುಗಿಹೋದವು. ಆ ಅಲೆಗಳು ಹುಟ್ಟಿದ್ದು ಸುಮಾರು ಹತ್ತು ಗಂಟೆಗಳ ಹಿಂದೆ, ಪೆಸಿಫಿಕ್ ಸಾಗರದ ಆಚೆ ದಡದ ಜಪಾನಿನ ಬಳಿ. ಕ್ಯಾಲಿಫೋರ್ನಿಯಾದ ಕನ್ನಡಿಗರಾದ ನಾವೂ ಭೂಕಂಪದ ನೆಲದ ಮೇಲೆಯೇ ಮನೆ ಮಾಡಿಕೊಂಡವರು. ಫುಕುಶಿಮಾ ಸ್ಥಾವರದ ಹೆಸರನ್ನು ಎಲ್ಲರೂ ಕೇಳಿದ್ದೇವೆ. ಅದರ ಪಕ್ಕದ ಊರು ನಾಮಿಯೆಯ ಹೆಸರನ್ನು ಕೇಳಿದವರು ಕಡಿಮೆ. ಈ ಲೇಖನ ಆ ಊರಿನದು.

ಸ್ಥಾವರ ಬೇಡವೆಂದ ಊರು

ನಾಮಿಯೆಯಲ್ಲಿ ಅಣುಸ್ಥಾವರ ಇರಲಿಲ್ಲ. 1968ರಲ್ಲಿ ವಿದ್ಯುತ್ ಕಂಪನಿಯೊಂದು ಅಲ್ಲಿ ಸ್ಥಾವರ ಕಟ್ಟುವ ಯೋಜನೆಯನ್ನು ಪ್ರಕಟಿಸಿತು. ಜಮೀನಿನ ಒಡೆಯರು ಒಪ್ಪದೆ ದಶಕಗಳ ಕಾಲ ವಿರೋಧಿಸಿದರು, ಯೋಜನೆ ಕಾಗದದಲ್ಲೇ ಉಳಿಯಿತು. ಆದರೆ ದಕ್ಷಿಣಕ್ಕಿರುವ ನೆರೆಯ ಒಕುಮಾ ಮತ್ತು ಫುತಾಬಾ ಪಟ್ಟಣಗಳ ಗಡಿಯಲ್ಲಿ ಮತ್ತೊಂದು ಕಂಪನಿಯ ಫುಕುಶಿಮಾ ಡೈಚಿ ಸ್ಥಾವರ ಎದ್ದು ನಿಂತಿತು. ಅಲ್ಲಿ ಸಮುದ್ರದಂಚಿನ ಎತ್ತರದ ದಿಬ್ಬವನ್ನು ಕಡಿದು, ಸಮುದ್ರಮಟ್ಟದಿಂದ 10 ಮೀಟರ್ ಎತ್ತರದ ನೆಲದಲ್ಲಿ ಮೊದಲ ನಾಲ್ಕು ರಿಯಾಕ್ಟರುಗಳನ್ನು ಕಟ್ಟಿದರು. ತಗ್ಗಿನಲ್ಲಿದ್ದರೆ ಸಮುದ್ರದ ನೀರನ್ನು ಮೇಲೆತ್ತುವ ಖರ್ಚು ಕಡಿಮೆ ಎಂಬುದು ಒಂದು ಕಾರಣ.

ಮಾರ್ಚ್ 11ರ ಮಧ್ಯಾಹ್ನ 2.46ಕ್ಕೆ ಭೂಮಿ ನಡುಗಿತು. ಕಂಪನದ ತೀವ್ರತೆ 9. ಚಾಲನೆಯಲ್ಲಿದ್ದ ಮೂರು ರಿಯಾಕ್ಟರುಗಳು ತಾವಾಗಿಯೇ ನಿಂತವು. ಆದರೆ ನಿಂತ ಮೇಲೂ ಇಂಧನ ಬಿಸಿಯಾಗುತ್ತಲೇ ಇರುತ್ತದೆ, ಅದನ್ನು ತಣಿಸಲು ವಿದ್ಯುತ್ ಬೇಕು. ಸುಮಾರು 50 ನಿಮಿಷಗಳ ನಂತರ ಬಂದ 14-15 ಮೀಟರ್ ಎತ್ತರದ ಅಲೆ ತುರ್ತು ಡೀಸೆಲ್ ಜನರೇಟರುಗಳನ್ನೂ ವಿದ್ಯುತ್ ಫಲಕಗಳನ್ನೂ ಮುಳುಗಿಸಿತು. ಮೂರು ರಿಯಾಕ್ಟರುಗಳ ಇಂಧನ ಕರಗಿತು. ಮುಂದಿನ ದಿನಗಳಲ್ಲಿ ಜಲಜನಕ ಸ್ಫೋಟಿಸಿ ಕಟ್ಟಡಗಳು ಸಿಡಿದವು.

ಇದೇ ಕರಾವಳಿಯಲ್ಲಿ, ಕಂಪನದ ಕೇಂದ್ರಕ್ಕೆ ಇನ್ನೂ ಹತ್ತಿರದಲ್ಲಿ, ಒನಗಾವಾ ಎಂಬ ಮತ್ತೊಂದು ಸ್ಥಾವರವಿದೆ. ಅದನ್ನು 14.8 ಮೀಟರ್ ಎತ್ತರದಲ್ಲಿ ಕಟ್ಟಲಾಗಿತ್ತು. ಅದರ ಮೂರೂ ರಿಯಾಕ್ಟರುಗಳು ಸುರಕ್ಷಿತವಾಗಿ ನಿಂತವು. ಮನೆ ಕಳೆದುಕೊಂಡ ಅಕ್ಕಪಕ್ಕದ ಮುನ್ನೂರಕ್ಕೂ ಹೆಚ್ಚು ಜನ ಅದೇ ಸ್ಥಾವರದ ಆವರಣದಲ್ಲಿ ಆಶ್ರಯ ಪಡೆದರು. ಭಾರತದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ 46 ಮಂದಿ ಹುಡುಕಾಟದಲ್ಲಿ ನೆರವಾಗಲು ಹೋದದ್ದು ಈ ಒನಗಾವಾ ಪಟ್ಟಣಕ್ಕೇ.

ಅರ್ಧಕ್ಕೆ ನಿಂತ ಹುಡುಕಾಟ

ನಾಮಿಯೆಯ ಕಡಲತೀರದ ಭಾಗ ಉಕೆದೊ. ಅಲ್ಲಿನ ಪ್ರಾಥಮಿಕ ಶಾಲೆ ಸಮುದ್ರದಿಂದ ಕೇವಲ 300 ಮೀಟರ್ ದೂರ. ಕಂಪನ ನಿಂತ ಕೂಡಲೇ ಶಿಕ್ಷಕರು ಮಕ್ಕಳನ್ನು ಒಂದೂವರೆ ಕಿಲೋಮೀಟರ್ ಆಚೆಯ ಗುಡ್ಡಕ್ಕೆ ಕರೆದೊಯ್ದರು. ಶಾಲೆಯಲ್ಲಿದ್ದ ಒಂದು ಮಗುವೂ ಸಾಯಲಿಲ್ಲ. ಆದರೆ ಊರು ಕೊಚ್ಚಿಹೋಯಿತು.

ಆ ರಾತ್ರಿ ಅವಶೇಷಗಳ ನಡುವೆ ಸಹಾಯಕ್ಕಾಗಿ ಕೂಗುವ ದನಿಗಳು ಅಗ್ನಿಶಾಮಕ ದಳದ ಸ್ವಯಂಸೇವಕರಿಗೆ ಕೇಳಿಸಿದವು. ಕತ್ತಲೆಯಲ್ಲಿ ಏನೂ ಮಾಡಲಾಗದೆ, ಬೆಳಗಾದೊಡನೆ ಬರುವುದೆಂದು ಅವರು ಹಿಂದಿರುಗಿದರು. ಮರುದಿನ ಬೆಳಗ್ಗೆ 6 ಗಂಟೆಗೂ ಮೊದಲೇ, ಸ್ಥಾವರದ ಸುತ್ತ 10 ಕಿಲೋಮೀಟರ್ ಒಳಗಿನವರೆಲ್ಲ ಹೊರಡಬೇಕೆಂಬ ಆದೇಶ ಬಂತು. ಅವರು ಮತ್ತೆ ಉಕೆದೊಗೆ ಹೋಗಲಾಗಲಿಲ್ಲ. ಹುಡುಕಾಟ ಮತ್ತೆ ಶುರುವಾದದ್ದು ಒಂದು ತಿಂಗಳ ನಂತರ. ಸುನಾಮಿಯಿಂದ ಉಳಿದಿರಬಹುದಾದವರನ್ನು ವಿಕಿರಣದ ಭಯ ಕೈಬಿಡುವಂತೆ ಮಾಡಿತು. ಆ ಸ್ವಯಂಸೇವಕರಲ್ಲಿ ಹಲವರಿಗೆ ಈ ನೋವು ಇಂದಿಗೂ ಆರಿಲ್ಲ.

ಹೊರಟ ಸಾವಿರಾರು ಜನ ನಾಮಿಯೆಯದೇ ಗುಡ್ಡಗಾಡು ಭಾಗವಾದ ತ್ಸುಶಿಮಾ ಸೇರಿದರು. ವಿಕಿರಣದ ಮೋಡವೂ ಗಾಳಿಯೊಡನೆ ಅದೇ ವಾಯವ್ಯ ದಿಕ್ಕಿಗೆ ಸಾಗಿತು. ಗಾಳಿಯ ದಿಕ್ಕನ್ನು ಲೆಕ್ಕಹಾಕುವ ಗಣಕ ವ್ಯವಸ್ಥೆ ಸರ್ಕಾರದ ಬಳಿ ಇತ್ತು, ಅದರ ಮಾಹಿತಿ ಮಾತ್ರ ಈ ಜನರಿಗೆ ತಲುಪಲಿಲ್ಲ. ಮಾರ್ಚ್ 15ರಂದು ಅವರು ಮತ್ತೆ ಗಂಟುಮೂಟೆ ಕಟ್ಟಿ ಇನ್ನೂ ದೂರ ಹೊರಡಬೇಕಾಯಿತು.

ಲೆಕ್ಕಕ್ಕೆ ನಿಧಾನವಾಗಿ ಸೇರಿದ ಸಾವುಗಳು

ಇಡೀ ಜಪಾನಿನಲ್ಲಿ ಸುಮಾರು 15,900 ಜನ ಸತ್ತರು, ಸುಮಾರು 2,500 ಜನ ಕಾಣೆಯಾದರು. ಫುಕುಶಿಮಾ ಪ್ರಾಂತ್ಯದಲ್ಲಿ ಭೂಕಂಪ ಮತ್ತು ಸುನಾಮಿಯಿಂದ ನೇರವಾಗಿ ಸತ್ತವರು ಸುಮಾರು 1,600. ವಿಪತ್ತಿನ ನಂತರದ ಕಷ್ಟಗಳಿಂದ ಸತ್ತವರೆಂದು ಅಲ್ಲಿ ಗುರುತಿಸಲಾದವರು 2,300ಕ್ಕೂ ಹೆಚ್ಚು. ಇವರಲ್ಲಿ ಹೆಚ್ಚಿನವರು ವಯಸ್ಸಾದವರು: ಆಸ್ಪತ್ರೆಯಿಂದ ಬಸ್ಸಿಗೆ, ಬಸ್ಸಿನಿಂದ ಶಿಬಿರಕ್ಕೆ ಸಾಗುವಾಗ ಔಷಧಿ, ಆರೈಕೆ ತಪ್ಪಿದವರು, ಮನೆಗೆ ಮರಳುವ ಆಸೆ ಬತ್ತಿದವರು. ಇತ್ತ ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯು, ನಿವಾಸಿಗಳ ಆರೋಗ್ಯಕ್ಕೆ ವಿಕಿರಣದಿಂದಲೇ ನೇರವಾಗಿ ಹಾನಿಯಾದ ದಾಖಲೆಯಿಲ್ಲ ಎಂದಿದೆ. ಹಾಗೆಂದು ಅಪಘಾತ ಚಿಕ್ಕದಾಗುವುದಿಲ್ಲ. ಆ ವೃದ್ಧರು ಹಾಸಿಗೆ ಬಿಟ್ಟು ಏಳಬೇಕಾಗಿ ಬಂದದ್ದು ಅದರಿಂದಲೇ. 2012ರಲ್ಲಿ ಕಿಯೋಶಿ ಕುರೊಕಾವಾ ಅಧ್ಯಕ್ಷತೆಯ ಸಂಸದೀಯ ತನಿಖಾ ಆಯೋಗ ಇದನ್ನು ಮಾನವನಿರ್ಮಿತ ದುರಂತವೆಂದೇ ಕರೆಯಿತು.

ನಮ್ಮ ನಾಡಿನಲ್ಲೂ ಇಂಥ ಪ್ರಶ್ನೆ ಎದ್ದಿತ್ತು. ಕೈಗಾ ಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ನಿಂತು ಸೋತರು. ಅವರ ನಿಲುವನ್ನು ಒಪ್ಪಲಿ, ಬಿಡಲಿ, ಅಪಾಯದ ಮಾತನ್ನು ಜನರ ಮುಂದೆ ಬಿಚ್ಚಿಡಬೇಕೆಂಬ ಅವರ ಹಟ ನಾಮಿಯೆಯ ಕಥೆ ಓದಿದ ಮೇಲೆ ಬೇರೆ ರೀತಿ ಕಾಣುತ್ತದೆ.

ಮರಳಿದವರು

2017ರ ಮಾರ್ಚ್ 31ರಂದು ನಾಮಿಯೆಯ ಒಂದು ಭಾಗದಲ್ಲಿ ನಿರ್ಬಂಧ ತೆರವಾಯಿತು. ಹಿಂದೆ ಸುಮಾರು 21,000 ಜನರಿದ್ದ ಊರಿನಲ್ಲಿ ಈಗ ವಾಸಿಸುವವರು ಎರಡು ಸಾವಿರದ ಆಸುಪಾಸು. ಉಕೆದೊ ಶಾಲೆ 2021ರಿಂದ ಸ್ಮಾರಕ. ಸ್ಥಾವರಕ್ಕೆಂದು ಗುರುತಿಸಿದ್ದ ಜಾಗದಲ್ಲಿ ಸೌರಶಕ್ತಿಯಿಂದ ಜಲಜನಕ ತಯಾರಿಸುವ ಕೇಂದ್ರವಿದೆ. ಊರಿನ ಹೆಸರಾಂತ ಒಬೊರಿ ಸೋಮಾ ಕುಂಬಾರಿಕೆಯವರು ಬೇರೆ ಊರುಗಳಲ್ಲಿ ಕುಲುಮೆ ಹೂಡಿ ಕಸುಬು ಉಳಿಸಿಕೊಂಡಿದ್ದಾರೆ.

ನಾವು ಊರು ಬಿಟ್ಟದ್ದು ನಮ್ಮ ಇಷ್ಟದಿಂದ. ರಜೆಗೆ ಹೋದರೆ ಬಾಗಿಲು ತೆರೆಯಲು ಅಲ್ಲಿ ಯಾರಾದರೂ ಇರುತ್ತಾರೆ, ಇಲ್ಲವೇ ಬೀಗದ ಕೈಯಾದರೂ ನಮ್ಮಲ್ಲಿರುತ್ತದೆ. ನಾಮಿಯೆಯವರ ಕೈಯಲ್ಲೂ ಬೀಗದ ಕೈ ಇತ್ತು, ಆರು ವರ್ಷ ಬಾಗಿಲ ಬಳಿ ಬಾಳಲು ಬಿಡಲಿಲ್ಲ. ಈ ಬಾರಿ ನಿಮ್ಮ ಮಕ್ಕಳು ಶಾಲೆಯ ಭೂಕಂಪ ತಾಲೀಮು ಮುಗಿಸಿ ಬಂದಾಗ ಅವರಿಗೆ ಉಕೆದೊ ಮಕ್ಕಳ ಕಥೆ ಹೇಳಿ. ನಮ್ಮ ಮನೆಯಿಂದ ಎತ್ತರದ ಜಾಗಕ್ಕೆ ದಾರಿ ಯಾವುದೆಂದು ಅವರ ಜೊತೆ ಒಮ್ಮೆ ನಡೆದು ನೋಡಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ, ಅವರ ಔಷಧಿಯ ಪಟ್ಟಿಯನ್ನೂ ಬರೆದಿಡಿ.